ದಿನದಿನದ ಪವಾಡಗಳಿಗೆ ಒಂದು ವಂದನೆ

ಕ್ರಿ.ಪೂ. 164ರಲ್ಲಿ ಯೆಹೂದ ಮಕ್ಕಬಿ ಮತ್ತು ಅವನ ಸೋದರರು ಜೆರುಸಲೇಮಿನ ದೇವಾಲಯವನ್ನು ಶತ್ರುಗಳಿಂದ ಬಿಡಿಸಿ, ಶುದ್ಧಿಗೊಳಿಸಿ, ಮತ್ತೆ ಆರಾಧನೆಗೆ ತೆರೆದ ನೆನಪಿಗೆ ಯೆಹೂದಿಗಳು ಕಿಸ್ಲೇವ್ ಮಾಸದ 25ರಿಂದ ಎಂಟು ದಿನ ಹನುಕ್ಕಾ ಹಬ್ಬ ಆಚರಿಸುತ್ತಾರೆ. ಆಗ ದೊರೆತ ಒಂದೇ ಕುಡಿಕೆ ಶುದ್ಧ ಎಣ್ಣೆ, ಒಂದು ದಿನಕ್ಕಷ್ಟೇ ಸಾಲುವಂತಿದ್ದರೂ, ಎಂಟು ದಿನ ಉರಿಯಿತೆಂದು ಯೆಹೂದಿಗಳ ಪ್ರಾಚೀನ ಧರ್ಮಗ್ರಂಥವಾದ ತಾಲ್ಮುದ್ ಹೇಳುತ್ತದೆ.

ಹಬ್ಬದ ದೀಪಗಳ ಬೆಳಕಿನಲ್ಲಿ ಓದುವಂತಿಲ್ಲ, ಹಣ ಎಣಿಸುವಂತಿಲ್ಲ. ಅವು ಇರುವುದು ನೋಡುವುದಕ್ಕೆ, ನೋಡಿ ದೇವರನ್ನು ಸ್ತುತಿಸುವುದಕ್ಕೆ ಮಾತ್ರ ಎಂದು ದೀಪ ಹಚ್ಚುವಾಗಲೇ ಹೇಳಿಕೊಳ್ಳುತ್ತಾರೆ. ಯಾವ ಕೆಲಸಕ್ಕೂ ಬಳಸದೆ ಬೆಳಕನ್ನು ಸುಮ್ಮನೆ ನೋಡಬೇಕೆಂಬ ಈ ಕಟ್ಟಳೆ ನನಗೆ ಬಹಳ ಪ್ರಿಯವಾದದ್ದು.

ಆದರೆ ಹಬ್ಬದ ತಿರುಳು ನನಗೆ ಕಾಣುವುದು ಪ್ರಾರ್ಥನೆಯಲ್ಲಿ. ಮಕ್ಕಬಿಯರ ಕಾಲದ ಪವಾಡವನ್ನು ಸ್ಮರಿಸುವ ‘ಅಲ್ ಹನಿಸ್ಸೀಮ್’ ಎಂಬ ಭಾಗವನ್ನು ಪ್ರತ್ಯೇಕವಾಗಿ ಹೇಳದೆ, ನಿತ್ಯ ಪ್ರಾರ್ಥನೆಯಾದ ಅಮೀದಾದ ‘ಮೋದಿಮ್’ ಎಂಬ ಕೃತಜ್ಞತಾ ಸ್ತುತಿಯೊಳಗೇ ಸೇರಿಸುತ್ತಾರೆ. ಆ ಸ್ತುತಿಯಾದರೋ, ಪ್ರತಿದಿನ ನಮ್ಮೊಡನಿರುವ ಪವಾಡಗಳಿಗಾಗಿ, ಸಂಜೆ, ಬೆಳಿಗ್ಗೆ, ಮಧ್ಯಾಹ್ನಗಳಲ್ಲಿ ದೊರೆಯುವ ಉಪಕಾರಗಳಿಗಾಗಿ ದೇವರನ್ನು ವಂದಿಸುವಂಥದು. ಯುದ್ಧದ ಗೆಲುವಿನಷ್ಟು ದೊಡ್ಡ ಸಂಗತಿಗೂ ದಿನನಿತ್ಯದ ಪವಾಡಗಳ ಸಾಲಿನಲ್ಲಿಯೇ ಸ್ಥಾನ ಕೊಟ್ಟವರ ವಿವೇಕಕ್ಕೆ ನಾನು ತಲೆಬಾಗುತ್ತೇನೆ. ಎಲ್ಲರಿಗೂ ಕಾಣುವ ಮಹಾ ಪವಾಡಗಳ ಮೂಲಕವೇ ಮನುಷ್ಯ ಮರೆಯಾಗಿರುವ ಪವಾಡಗಳನ್ನು ಒಪ್ಪಿಕೊಳ್ಳುವಂತಾಗುತ್ತಾನೆ ಎಂದು 13ನೆಯ ಶತಮಾನದ ಯೆಹೂದಿ ವಿದ್ವಾಂಸ ನಖ್ಮನಿದೀಸ್ ಬರೆದದ್ದೂ ಇದೇ ಅರ್ಥದಲ್ಲಿ.

ತಾಲ್ಮುದಿನಲ್ಲಿ ರಬ್ಬಿ ಹನೀನಾ ಬೆನ್ ದೋಸಾ ಎಂಬ ಬಡ ಸಾಧುವಿನ ಕತೆಯೊಂದಿದೆ. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ದೀಪಕ್ಕೆ ಎಣ್ಣೆಯ ಬದಲು ವಿನೆಗರ್ ಸುರಿದು ದುಃಖಿಸುತ್ತಿದ್ದ ಮಗಳಿಗೆ ಅವನು, ಎಣ್ಣೆಗೆ ಉರಿಯೆಂದವನು ವಿನೆಗರಿಗೂ ಉರಿಯೆನ್ನುವನು ಎಂದನಂತೆ. ವಿನೆಗರ್ ಉರಿದದ್ದಕ್ಕಿಂತ, ಎಣ್ಣೆ ಉರಿಯುವುದೂ ದೇವರ ಅಪ್ಪಣೆಯಿಂದಲೇ ಎಂದು ಅವನು ಕಂಡದ್ದು ನನ್ನನ್ನು ಹೆಚ್ಚು ತಟ್ಟುತ್ತದೆ. ಶೌಚ ಮುಗಿಸಿ ಕೈತೊಳೆದ ಮೇಲೂ ಯೆಹೂದಿಗಳು ಒಂದು ಸ್ತುತಿ ಹೇಳುತ್ತಾರೆ: ದೇಹದ ರಂಧ್ರಗಳಲ್ಲಿ ಮುಚ್ಚಿರಬೇಕಾದ ಒಂದು ತೆರೆದರೂ, ತೆರೆದಿರಬೇಕಾದ ಒಂದು ಮುಚ್ಚಿದರೂ ನಾವು ಬದುಕಿ ನಿನ್ನೆದುರು ನಿಲ್ಲಲಾರೆವು ಎಂದು. ರೋಗಿಯ ಹಾಸಿಗೆಯ ಬಳಿ ಕುಳಿತವರಿಗೆ ಈ ಮಾತಿನ ತೂಕ ತಿಳಿದಿರುತ್ತದೆ.

ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಮುಂದಾಳು ಅಮೀದಾವನ್ನು ಎಲ್ಲರ ಪರವಾಗಿ ಪುನಃ ಹೇಳುವಾಗ, ಹೆಚ್ಚಿನ ಭಾಗಗಳಿಗೆ ‘ಆಮೆನ್’ ಎಂದರೆ ಸಾಕು. ಆದರೆ ಮೋದಿಮ್ ಬಂದಾಗ ಪ್ರತಿಯೊಬ್ಬನೂ ಬಾಗಿ ತನ್ನ ಬಾಯಿಂದಲೇ ವಂದನೆ ಹೇಳಬೇಕು. ಬೇಡಿಕೆಯನ್ನು ಇನ್ನೊಬ್ಬರ ಮೂಲಕ ಸಲ್ಲಿಸಬಹುದು, ಕೃತಜ್ಞತೆಯನ್ನು ಸಲ್ಲಿಸಲಾಗದು ಎಂಬುದು ಅದಕ್ಕೆ ಹಿರಿಯರು ಕೊಡುವ ಕಾರಣ. ಹನುಕ್ಕಾದ ಎಂಟು ದಿನ ಕಳೆದ ಮೇಲೆ ‘ಅಲ್ ಹನಿಸ್ಸೀಮ್’ ನಿಲ್ಲುತ್ತದೆ, ಮೋದಿಮ್ ಮರುದಿನವೂ ಮೂರು ಹೊತ್ತು ಮುಂದುವರಿಯುತ್ತದೆ.