ನರ್ಸಿಂಗ್ ಓದು, ಮಗಳು ಮತ್ತು ಡ್ಯೂಟಿ ಪಟ್ಟಿ

ಮಗಳನ್ನು ಒಬ್ಬಳೇ ಸಾಕುತ್ತ, ಮೆಡಿಕಲ್ ಶಾಪಿನಲ್ಲಿ ಅರೆಕಾಲಿಕ ಕೆಲಸ ಮಾಡುತ್ತ ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಓದುತ್ತಿದ್ದೇನೆ ಎಂದಾಗ ಹೆಚ್ಚಿನವರು ಓದಿನ ಕಷ್ಟವನ್ನೇ ವಿಚಾರಿಸುತ್ತಾರೆ. ಕನ್ನಡ ಮಾಧ್ಯಮದಿಂದ, ಅದೂ ಕಲಾ ವಿಭಾಗದ ಪಿ.ಯು.ಸಿ.ಯಿಂದ ಬಂದವಳಿಗೆ ಇಂಗ್ಲಿಷಿನ ಅನಾಟಮಿ ಪುಸ್ತಕ ಮೊದಲು ಹೆದರಿಸಿದ್ದು ನಿಜ; ಆದರೆ ಆ ಹೆದರಿಕೆ ಓದುತ್ತ ಓದುತ್ತ ಕಡಿಮೆಯಾಗುತ್ತದೆ. ಕಡಿಮೆಯಾಗದೆ ಉಳಿಯುವುದು ವೇಳೆಯ ಸಮಸ್ಯೆ. ಕೆಲಸ ಎಷ್ಟು ಗಂಟೆಯದು ಎಂಬುದಕ್ಕಿಂತ, ಆ ಗಂಟೆಗಳು ಯಾವಾಗ ಬದಲಾಗುತ್ತವೆ ಎಂಬುದೇ ನಮ್ಮಂಥವರನ್ನು ಹೆಚ್ಚು ಕಾಡುತ್ತದೆ.

ನಾನಿರುವುದು ಹರಿಹರದಲ್ಲಿ, ಕಾಲೇಜು ದಾವಣಗೆರೆಯಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ; ಆ ಉಳಿತಾಯವಿಲ್ಲದಿದ್ದರೆ ಈ ಕೋರ್ಸಿಗೆ ಸೇರುವ ಧೈರ್ಯ ನನಗೆ ಬರುತ್ತಿರಲಿಲ್ಲ. ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನನ್ನ ಹೆಸರಿರುವುದರಿಂದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಸಿಗುತ್ತದೆ, ಅದು ಮಗಳ ಹಾಲು ಮತ್ತು ಪುಸ್ತಕಕ್ಕೆ ಮೀಸಲು. ಬಾಡಿಗೆ ಮತ್ತು ದಿನಸಿಯ ಖರ್ಚನ್ನು ಮೆಡಿಕಲ್ ಶಾಪಿನ ಸಂಬಳ ನೋಡಿಕೊಳ್ಳುತ್ತದೆ. ಅಲ್ಲಿ ಔಷಧಿ ಕೊಡುವ ಹೊಣೆ ನೋಂದಾಯಿತ ಫಾರ್ಮಸಿಸ್ಟರದು. ಬಿಲ್ ಹಾಕುವುದು, ಬಂದ ಸ್ಟಾಕನ್ನು ಎಣಿಸಿ ಜೋಡಿಸುವುದು, ಅವಧಿ ಮುಗಿಯುತ್ತಿರುವ ಸ್ಟ್ರಿಪ್ಪುಗಳನ್ನು ಬೇರೆ ತೆಗೆದಿಡುವುದು ನನ್ನ ಕೆಲಸ. ಮೆಟ್‌ಫಾರ್ಮಿನ್, ಆಮ್ಲೊಡಿಪಿನ್, ಪ್ಯಾಂಟೊಪ್ರಜೋಲ್ ಎಂಬ ಹೆಸರುಗಳು ದಿನವೂ ಕೈಯಲ್ಲಿ ಹಾದುಹೋಗುವುದರಿಂದ ಫಾರ್ಮಕಾಲಜಿಯನ್ನು ಬಾಯಿಪಾಠ ಮಾಡುವ ಅರ್ಧ ಶ್ರಮ ತಪ್ಪಿದೆ.

ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಮಾಡುವ ತರಬೇತಿಯ ಡ್ಯೂಟಿ, ಬೆಳಗಿನದಾಗಿದ್ದರೆ ಎಲ್ಲವೂ ಸರಾಗ. ಮಧ್ಯಾಹ್ನ ವಾರ್ಡ್ ಬಿಟ್ಟು, ಶಾಲೆ ಬಿಡುವ ಹೊತ್ತಿಗೆ ಮಗಳನ್ನು ಕರೆತಂದು, ಸಂಜೆ ಅಂಗಡಿಗೆ ಹೋಗುತ್ತೇನೆ. ಈವ್ನಿಂಗ್ ಡ್ಯೂಟಿ ಬಿದ್ದ ವಾರ ಇದೆಲ್ಲ ತಲೆಕೆಳಗಾಗುತ್ತದೆ. ಅಂಗಡಿಯ ಸಾಹುಕಾರರು ಬೆಳಗಿನ ಹೊತ್ತಿಗೆ ಬದಲಾಯಿಸಿಕೊಳ್ಳಲು ಒಪ್ಪಿದ್ದಾರೆ, ಆದರೆ ಅದಕ್ಕೆ ಅವರು ಬೇರೊಬ್ಬರನ್ನು ಹೊಂದಿಸಬೇಕು. ಕೆಳಮನೆಯ ಅಜ್ಜಿ ಮಗಳನ್ನು ನೋಡಿಕೊಳ್ಳುತ್ತಾರೆ, ಆದರೆ ಅವರಿಗೂ ಊರು, ಮದುವೆ, ಮುಂಜಿ ಎಂದು ಓಡಾಟವಿರುತ್ತದೆ. ಡ್ಯೂಟಿ ಪಟ್ಟಿ ಶನಿವಾರ ಸಂಜೆ ಹಚ್ಚಿ ಸೋಮವಾರದಿಂದ ಜಾರಿ ಎಂದರೆ ಇಷ್ಟು ಜನರನ್ನು ಒಂದು ಭಾನುವಾರದಲ್ಲಿ ಒಪ್ಪಿಸಬೇಕಾಗುತ್ತದೆ. ತಿಂಗಳ ಪಟ್ಟಿಯನ್ನು ಮೊದಲೇ ಕೊಡುವುದಕ್ಕೆ ಯಾವ ಕಾಲೇಜಿಗೂ ಒಂದು ರೂಪಾಯಿ ಹೆಚ್ಚು ಖರ್ಚಾಗುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಜರಾತಿಯಲ್ಲಿ ಸಡಿಲಿಕೆಯನ್ನು ನಾನು ಕೇಳುವುದಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಶೇ. 80ರಷ್ಟು ಹಾಜರಾತಿ ಬೇಕು, ಡಿಪ್ಲೊಮಾ ಕೈಗೆ ಬರುವ ಮೊದಲು ಪ್ರಾಯೋಗಿಕ ತರಬೇತಿಯ ಹಾಜರಾತಿ ಶೇ. 100 ಆಗಿರಬೇಕು. ರೋಗಿಯ ಪಕ್ಕದಲ್ಲಿ ನಿಲ್ಲದೆ ನರ್ಸ್ ಆಗಲು ಬರುವುದಿಲ್ಲವಾದ್ದರಿಂದ ನಿಯಮ ಸರಿಯಾಗಿಯೇ ಇದೆ. ಆದರೆ ಮಗುವಿಗೆ ಜ್ವರ ಬಂದ ದಿನಗಳನ್ನು ರಜೆಯಲ್ಲಿ ತುಂಬಿಕೊಡುವಾಗ ಆ ರಜೆಯಲ್ಲಿ ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬುದು ಯಾವ ನಿಯಮದಲ್ಲೂ ಇಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು ಎಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿ ಹೇಳಿತು. ಅದು ಉದ್ಯೋಗಿಗಳಿಗೆ. ಅದೇ ವಾರ್ಡಿನಲ್ಲಿ ಬೆಡ್ ಮಾಡಿ, ಬಿ.ಪಿ. ನೋಡಿ, ಚಾರ್ಟ್ ಬರೆಯುವ ವಿದ್ಯಾರ್ಥಿನಿ ಉದ್ಯೋಗಿಯಲ್ಲ. ಆಕೆಗೂ ಮಗುವಿರಬಹುದು ಎಂದು ಕಾಯ್ದೆ ಬರೆದವರಿಗೆ ತೋಚಿದಂತಿಲ್ಲ. ಜಿ.ಎನ್.ಎಂ.ಗೆ ಸೇರಲು 35 ವರ್ಷದವರೆಗೆ ಅವಕಾಶವಿರುವಾಗ ಇದು ತೋಚಬೇಕಿತ್ತು.

ಓದುವುದಕ್ಕೆ ಸಿಗುವುದು ಊಟವಾದ ಮೇಲಿನ ಹೊತ್ತು. ಮಗಳು ಮಗ್ಗಿ ಬರೆಯುವಾಗ ನಾನು ಡ್ರಿಪ್ ಲೆಕ್ಕ ಮಾಡುತ್ತೇನೆ: 500 ಮಿ.ಲೀ. ದ್ರವ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ಪಿನ ಕೊಳವೆಯ ಸೆಟ್ಟು ಮಿ.ಲೀ.ಗೆ 20 ಹನಿಯದು, ಅಂದರೆ 10,000 ಹನಿಯನ್ನು 480 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. "ಅಮ್ಮಾ, ಇಪ್ಪತ್ತರ ಮಗ್ಗಿ ದೊಡ್ಡೋರಿಗೂ ಬೇಕಾ?" ಎಂದು ಆಕೆ ಕೇಳಿದ್ದಳು. ಬೇಕು. ಹಾಗೆ ಜೊತೆಯಲ್ಲಿ ಕುಳಿತು ಬರೆದ ಲೆಕ್ಕಗಳು ಪರೀಕ್ಷೆಯಲ್ಲಿ ನನ್ನ ಕೈ ಬಿಟ್ಟಿಲ್ಲ. ಕೇಸ್ ಸ್ಟಡಿ ಬರೆಯುವುದನ್ನು ಮಾತ್ರ ಬಸ್ಸಿನಲ್ಲೇ ಮುಗಿಸುವುದು ರೂಢಿಯಾಗಿದೆ, ಅಕ್ಷರ ಸೊಟ್ಟಗಾದದ್ದಕ್ಕೆ ಮೇಡಂ ಬೈಯುವುದೂ ರೂಢಿಯಾಗಿದೆ.

ಮುಂದಿನದು ನೈಟ್ ಡ್ಯೂಟಿ. ಅಷ್ಟು ರಾತ್ರಿ ಮಗುವನ್ನು ಕೆಳಮನೆಯಲ್ಲಿ ಬಿಡಲು ಮನಸ್ಸಿಲ್ಲದ್ದರಿಂದ ರಾಣೆಬೆನ್ನೂರಿನ ಚಿಕ್ಕಮ್ಮನನ್ನು ಕೇಳಿದ್ದೇನೆ. ಹೊಲದ ಕೆಲಸ ಮುಗಿಸಿ ಬರುತ್ತೇನೆ, ಆದರೆ ತಾರೀಖನ್ನು ಮೊದಲೇ ಹೇಳಬೇಕು ಎಂದಿದ್ದಾರೆ. ನನ್ನಂತೆ ಮಗುವನ್ನು ಕಟ್ಟಿಕೊಂಡು ಈ ಕೋರ್ಸಿಗೆ ಸೇರಬೇಕೆಂದಿರುವವರು ಫೀ ಎಷ್ಟೆಂದು ಕೇಳುವ ಜೊತೆಗೆ, ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ನೈಟ್ ಡ್ಯೂಟಿ ಯಾವ ವರ್ಷದಿಂದ, ಪಟ್ಟಿ ಎಷ್ಟು ದಿನ ಮುಂಚೆ ಸಿಗುತ್ತದೆ, ಮನೆಯಿಂದ ಓಡಾಡಲು ಬಿಡುತ್ತಾರೋ ಹಾಸ್ಟೆಲ್ ಕಡ್ಡಾಯವೋ ಎಂಬುದನ್ನು ಅರ್ಜಿ ತುಂಬುವ ಮೊದಲೇ, ಸಾಧ್ಯವಾದರೆ ಅಲ್ಲಿಯ ಮೂರನೆಯ ವರ್ಷದ ವಿದ್ಯಾರ್ಥಿನಿಯರನ್ನೇ ಹಿಡಿದು, ಕೇಳಿ ತಿಳಿದುಕೊಳ್ಳಿ.