ಚಿತ್ರಾಳಿಗೆ ಸಿಕ್ಕ ನಾಲ್ಕು ಪುಟ

17 ನವೆಂಬರ್ 2024, ಭಾನುವಾರ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಾದಂಬರಿಯ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ನಿರೂಪಕನ ಹೆಂಡತಿ ಅನಿತಾಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಅವಳು ಮಾಡಿದ್ದು ಸರಿಯೋ ತಪ್ಪೋ, ಹೊಂದಿಕೊಂಡು ಹೋಗಬಹುದಿತ್ತೋ ಇಲ್ಲವೋ, ಕೊನೆಗೆ ಅವಳಿಗೆ ಏನಾಯಿತು. ಚಿತ್ರಾಳ ಹೆಸರೆತ್ತಿದರೆ ಓದಿದವರೂ ಒಂದು ಕ್ಷಣ ತಡವರಿಸುತ್ತಾರೆ. ಯಾವ ಚಿತ್ರಾ? ಶುರುವಿನಲ್ಲಿ ಬಂದು ಹೋಗುತ್ತಾಳಲ್ಲ, ಅವಳೇ? ಹೌದು, ಅವಳೇ. ಈ ವಾರ ಪುಸ್ತಕವನ್ನು ಮತ್ತೆ ಓದಿದೆ. ಕಾದಂಬರಿಯ ಬೀಗದಕೈ ಅವಳ ಹತ್ತಿರವೇ ಇದೆ ಎಂದು ಈಗ ನನಗೆ ಗಟ್ಟಿಯಾಗಿ ಅನ್ನಿಸುತ್ತಿದೆ.

ಅವಳ ಬಗ್ಗೆ ನಮಗೆ ತಿಳಿಯುವುದು ಕಡಿಮೆ. ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿದ್ದಾಳೆ. ನಿರೂಪಕನಿಗೂ ಅವಳಿಗೂ ಸಲಿಗೆಯಿದೆ. ಕಾಫಿ ಹೌಸಿನಲ್ಲಿ ಭೇಟಿಯಾಗುತ್ತಾರೆ. ಅಲ್ಲಿ ಕುಳಿತು ಅವಳು ತನ್ನ ಸಂಸ್ಥೆಯ ಬಾಗಿಲಿಗೆ ಬಂದ ಹೆಂಗಸರ ಕಥೆಗಳನ್ನು ಹೇಳುತ್ತಾಳೆ. ಗಂಡನ ಮನೆಯವರು ಹೊರಗೆ ಹಾಕಿದವರು, ಹೊಡೆತ ತಿಂದವರು. ಹೇಳುವಾಗ ಸಿಟ್ಟಾಗುತ್ತಾಳೆ. ಇವನು ಆ ಸಿಟ್ಟನ್ನು ತನ್ನ ಮೇಲಿನ ಆರೋಪವೆಂಬಂತೆ ಕೇಳಿಸಿಕೊಳ್ಳುತ್ತಾನೆ. ಹೊರಗೆ ಬಿದ್ದ ಹೆಂಗಸಿನ ಗತಿ ಮುಂದೇನಾಯಿತು ಎಂಬ ಕುತೂಹಲಕ್ಕಿಂತ ತನಗಾದ ಇರಿಸುಮುರಿಸೇ ಅವನಿಗೆ ದೊಡ್ಡದು. ಒಂದು ದಿನ ಅವಳನ್ನು ಭೇಟಿಯಾಗುವುದನ್ನೇ ನಿಲ್ಲಿಸಿಬಿಡುತ್ತಾನೆ. ಕಾರಣ ಹೇಳುವುದಿಲ್ಲ. ಸುಮ್ಮನೆ ಹೋಗುವುದಿಲ್ಲ, ಅಷ್ಟೆ. ಕಥೆ ಮುಂದಕ್ಕೆ ಸಾಗುತ್ತದೆ. ನಾವೂ ಅವನ ಹಿಂದೆ ಹೊರಡುತ್ತೇವೆ, ಅವಳು ಏನಾದಳೆಂದು ಕೇಳುವುದಿಲ್ಲ.

ಮುಂದೆ ಬರುವುದೆಲ್ಲ ಮನೆಯ ಕಥೆ. ಚಿಕ್ಕಪ್ಪನ ಸೋನಾ ಮಸಾಲಾ ವ್ಯವಹಾರ, ಅದಕ್ಕೆ ಅಪ್ಪ ಹಾಕಿದ ನಿವೃತ್ತಿಯ ಹಣ, ಹಳೆಯ ಮನೆಯ ಇರುವೆಗಳ ಜೊತೆ ಅಮ್ಮನ ಯುದ್ಧ, ನಿರೂಪಕನಿಗೆ ಸಿಕ್ಕ ಹೆಸರಿಗಷ್ಟೇ ಇರುವ ಹುದ್ದೆ. ಹೈದರಾಬಾದಿನಿಂದ ಸೊಸೆಯಾಗಿ ಬಂದ ಅನಿತಾಳಿಗೆ ಗಂಡ ನಿಜವಾಗಿ ಏನೂ ಕೆಲಸ ಮಾಡುವುದಿಲ್ಲ ಎಂಬುದು ಮದುವೆಯ ನಂತರ ಗೊತ್ತಾಗುತ್ತದೆ. ಆಮೇಲೆ ಆ ಬಾಗಿಲಿನ ಪ್ರಸಂಗ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬರುತ್ತಾಳೆ. ಅವನಿಗೆ ಇಷ್ಟವೆಂದು ಮಸೂರ ಬೇಳೆಯ ಅಡಿಗೆ ಮಾಡಿ ತಂದಿದ್ದಾಳೆ. ಅಮ್ಮ, ನಿರೂಪಕನ ಸೋದರಿ ಮಾಲತಿ ಇಬ್ಬರೂ ಬಾಯಿಗೆ ಬಂದಂತೆ ಬೈದು ಅವಳನ್ನು ಓಡಿಸುತ್ತಾರೆ. ಚಿಕ್ಕಪ್ಪ ಹೊರಗೆ ಬರುವುದೇ ಇಲ್ಲ. ಆ ಅಪರಿಚಿತಳ ಪರವಾಗಿ ಬಾಯಿ ತೆರೆಯುವುದು ಅನಿತಾ ಒಬ್ಬಳೇ. ನಿರೂಪಕ? ಅಲ್ಲೇ ಇದ್ದಾನೆ. ಎಲ್ಲವನ್ನೂ ನೋಡುತ್ತಾನೆ, ನಮಗೆ ಚೆಂದವಾಗಿ ಹೇಳುತ್ತಾನೆ, ಕಡ್ಡಿಯನ್ನೂ ಅಲುಗಿಸುವುದಿಲ್ಲ.

ಚಿತ್ರಾಳ ಪುಟಗಳು ನೆನಪಿದ್ದರೆ ಇದು ಹೊಸತಲ್ಲ. ಪ್ರಶ್ನೆ ಕೇಳುವ ಹೆಣ್ಣು ಎದುರಾದಾಗ ಈ ಮನುಷ್ಯ ಏನು ಮಾಡುತ್ತಾನೆಂದು ಅಲ್ಲೇ ತೋರಿಸಿಕೊಟ್ಟಿದ್ದಾನೆ. ಜಗಳವಾಡುವುದಿಲ್ಲ, ಕೈ ಎತ್ತುವುದಿಲ್ಲ, ನಾಪತ್ತೆಯಾಗುತ್ತಾನೆ. ಚಿತ್ರಾಳಿಂದ ಕಾಲು ತೆಗೆದ. ಮನೆಯಲ್ಲಿ ಕಾಲು ತೆಗೆಯಲು ಜಾಗವಿಲ್ಲದ್ದರಿಂದ ನಿಂತಲ್ಲೇ ಇಲ್ಲವಾಗುತ್ತಾನೆ.

ನಂಬಲಾಗದ ನಿರೂಪಕ ಎಂಬ ಮಾತನ್ನು ವಿಮರ್ಶೆಗೆ ತಂದವನು ಅಮೆರಿಕದ ವಿಮರ್ಶಕ ವೇಯ್ನ್ ಬೂತ್, 1961ರಲ್ಲಿ. ಹಾಗೆಂದ ಕೂಡಲೇ ಸುಳ್ಳುಗಾರನೊಬ್ಬ ಕಣ್ಣ ಮುಂದೆ ಬರುತ್ತಾನೆ. ಶಾನಭಾಗರ ನಿರೂಪಕ ಆ ಜಾತಿಯವನಲ್ಲ. ತನ್ನ ಹೇಡಿತನವನ್ನೂ ಸೋಮಾರಿತನವನ್ನೂ ತಾನೇ ಬಿಚ್ಚಿಡುತ್ತಾನೆ. ಇಷ್ಟೆಲ್ಲ ಒಪ್ಪಿಕೊಂಡವನು ಇನ್ನೇನು ಮುಚ್ಚಿಟ್ಟಾನು ಎಂದು ನಾವು ಸಡಿಲವಾಗುತ್ತೇವೆ. ಅವನ ಪ್ರಾಮಾಣಿಕತೆಯ ಬಗ್ಗೆಯೇ ನನಗೆ ಹೆಚ್ಚು ಗುಮಾನಿ. ಇಶಿಗುರೊ ಅವರ ‘ದಿ ರಿಮೇನ್ಸ್ ಆಫ್ ದಿ ಡೇ’ (1989) ಕಾದಂಬರಿಯ ಬಟ್ಲರ್ ಸ್ಟೀವನ್ಸ್ ಕೂಡ ಹೀಗೆಯೇ ಸಭ್ಯ. ಅದೇ ಮನೆಯಲ್ಲಿ ಕೆಲಸಕ್ಕಿದ್ದ, ತನ್ನನ್ನು ಮೆಚ್ಚಿದ್ದ ಮಿಸ್ ಕೆಂಟನ್ ಅಳುತ್ತಿರಬೇಕೆಂದುಕೊಂಡು ಅವಳ ಕೋಣೆಯ ಬಾಗಿಲ ಹೊರಗೆ ತಾನು ನಿಂತಿದ್ದನ್ನು ನೆನೆಯುತ್ತಾನೆ. ಮೊದಲು ಅದು ಅವಳ ಚಿಕ್ಕಮ್ಮ ತೀರಿಕೊಂಡ ದಿನ ಎನ್ನುತ್ತಾನೆ. ಎಷ್ಟೋ ಪುಟಗಳ ನಂತರ, ಅಲ್ಲ, ಅವಳು ಬೇರೊಬ್ಬನನ್ನು ಮದುವೆಯಾಗಲು ಒಪ್ಪಿದ ರಾತ್ರಿ ಎಂದು ತಿದ್ದಿಕೊಳ್ಳುತ್ತಾನೆ. ಚಿಕ್ಕಮ್ಮನಿಗಾಗಿ ಅತ್ತರೆ ಅದು ಅವಳ ದುಃಖ, ಇವನಿಗೆ ಸಂಬಂಧವಿಲ್ಲ. ಆ ರಾತ್ರಿ ಅತ್ತಿದ್ದರೆ ಲೆಕ್ಕ ಇವನ ಹೆಸರಿಗೇ ಬರುತ್ತದೆ. ನೆನಪು ತಪ್ಪಿದ್ದು ಅನುಕೂಲದ ಕಡೆಗೇ.

ಗೆಳತಿಯೊಬ್ಬಳ ಜೊತೆ ನಿನ್ನೆ ಇದೇ ವಿಷಯಕ್ಕೆ ವಾದವಾಯಿತು. ಚಿತ್ರಾ ಬರೀ ಒಂದು ತಂತ್ರ, ಹೆಣ್ಣಿನ ಮೇಲಿನ ದೌರ್ಜನ್ಯದ ವಿಷಯವನ್ನು ಒಳಗೆ ತರಲು ಲೇಖಕರು ಮಾಡಿಕೊಂಡ ಏರ್ಪಾಡು, ಕೆಲಸ ಮುಗಿದ ಮೇಲೆ ಕೈಬಿಟ್ಟರು ಎಂಬುದು ಅವಳ ಪಟ್ಟು. ಕೈಬಿಟ್ಟವನು ನಿರೂಪಕ, ಲೇಖಕರಲ್ಲ ಎಂದೆ. ಚಿತ್ರಾಳ ಪುಟಗಳನ್ನು ಕಿತ್ತುಹಾಕಿ ಕೊನೆಯ ಭಾಗವನ್ನು ಓದಬೇಕು. ಮನೆಯವರೆಲ್ಲ ಚಹಾ ಕುಡಿಯುತ್ತಾ, ಕೊಲೆ ಮಾಡುವುದು, ಮಾಡಿಸುವುದು ಎಷ್ಟು ಸುಲಭವೆಂದು ಹರಟುತ್ತಾರಲ್ಲ, ಅದು ಒರಟು ತಮಾಷೆಯಾಗಿ ಉಳಿಯುತ್ತದೆ. ಅವಳ ಪುಟಗಳಿದ್ದರೆ ಹಾಗಾಗುವುದಿಲ್ಲ. ಇಂಥ ಮನೆಗಳಿವೆ, ಊಟ ತಿಂಡಿ ನಗು ಎಲ್ಲ ಇರುವ ಮಾಮೂಲಿ ಮನೆಗಳೇ ಅವು ಎಂದು ಅವಳು ಮೊದಲೇ ಸಾಕ್ಷಿ ನುಡಿದು ಹೋಗಿದ್ದಾಳೆ. ಅನಿತಾ ಸತ್ತಳೆಂದು ತೀರ್ಪು ಕೊಡುವ ಓದುಗರ ಅವಸರ ನನಗಿಲ್ಲ. ಹೈದರಾಬಾದಿಗೆ ಹೋದವಳ ಸುದ್ದಿಯಿಲ್ಲ ಎಂಬಲ್ಲಿಗೆ ಕಾದಂಬರಿ ನಿಲ್ಲುತ್ತದೆ. ನಾನೂ ಅಲ್ಲೇ ನಿಲ್ಲುತ್ತೇನೆ. ಆದರೆ ಅನಿತಾಳಂಥವಳು ಯಾರ ಬಾಗಿಲು ತಟ್ಟಬೇಕಿತ್ತೋ ಆ ಬಾಗಿಲಿನ ವಿಳಾಸ ಅವಳ ಗಂಡನಿಗೆ ಗೊತ್ತಿತ್ತು.

ಗೆಳತಿ ಒಪ್ಪಿದ್ದು ಮಾಲತಿಯ ವಿಷಯದಲ್ಲಿ. ಅವಳೂ ಗಂಡನ ಮನೆ ಬಿಟ್ಟು ಬಂದವಳೇ. ಕಾಗದದ ಮೇಲೆ ನೋಡಿದರೆ ಚಿತ್ರಾಳ ಕಡತದಲ್ಲಿ ಇರಬೇಕಾದವಳು. ಆದರೆ ಮಾಲತಿಗೆ ಯಾವ ಸಂಸ್ಥೆಯೂ ಬೇಕಾಗಲಿಲ್ಲ. ಪುಂಡರನ್ನು ಕಟ್ಟಿಕೊಂಡು ಹೋಗಿ ಒಡವೆ ತಂದಳು. ಹಿಂದೆ ಚಿಕ್ಕಪ್ಪನ ದುಡ್ಡಿತ್ತು. ಅದೇ ಮಾಲತಿ ಬೇಳೆಯ ಡಬ್ಬಿ ಹಿಡಿದು ನಿಂತವಳನ್ನು ಬೀದಿಪಾಲು ಮಾಡುತ್ತಾಳೆ. ಗಂಡಸರು ಕೆಟ್ಟವರು, ಹೆಂಗಸರು ಪಾಪದವರು ಎಂಬ ಸಲೀಸಾದ ಗೆರೆಯನ್ನು ಕಾದಂಬರಿ ಎಳೆಯುವುದಿಲ್ಲ. ಯಾರ ಬೆನ್ನಿಗೆ ಹಣವಿದೆ ಎಂಬ ಗೆರೆ ಎಳೆಯುತ್ತದೆ. ಚಿತ್ರಾ ಆ ಗೆರೆಯ ಆಚೆಗೆ ನಿಂತು ಮಾತಾಡಿದವಳು. ಅವಳ ಮಾತು ನಿರೂಪಕನಿಗೆ ಅಷ್ಟು ಚುಚ್ಚಿದ್ದೂ ಅದಕ್ಕೇ ಇರಬೇಕು.

ಒಂದು ಸಂಶಯ ಮಾತ್ರ ಬಿಡುತ್ತಿಲ್ಲ. ಅವಳಿಂದ ದೂರವಾದದ್ದು ತಾನು ಎನ್ನುತ್ತಾನೆ ಇವನು. ಆದರೆ ಕಾಫಿ ಹೌಸಿಗೆ ಬರುವುದನ್ನು ಬಿಟ್ಟಿಲ್ಲ. ಅದೇ ಜಾಗ, ಅದೇ ವೇಟರ್ ವಿನ್ಸೆಂಟ್. ತಪ್ಪಿಸಿಕೊಳ್ಳಬೇಕೆಂದವನು ಅವಳು ಯಾವಾಗ ಬೇಕಾದರೂ ಬಂದು ಎದುರು ಕೂರಬಹುದಾದ ಕಡೆಗೇ ದಿನವೂ ಹೋಗುತ್ತಾನೆಯೇ? ಹೆಂಗಸರ ಕಥೆಗಳನ್ನು ಕೇಳುವಾಗ ಇವನ ಮುಖದಲ್ಲಿ ಏನನ್ನೋ ಕಂಡು, ಇವನಿಂದ ಪ್ರಯೋಜನವಿಲ್ಲವೆಂದು ಅವಳೇ ಬರುವುದನ್ನು ಬಿಟ್ಟಿರಬಹುದು. ಯಾರು ಯಾರನ್ನು ಬಿಟ್ಟರು ಎಂಬುದಕ್ಕೆ ನಮ್ಮ ಬಳಿ ಇರುವುದು ಅವನೊಬ್ಬನ ಮಾತು.