ಬಾವಿ ಡ್ರಮ್, ಮೂರನೇ ವಾರ: ಹತ್ತು ಮಿಲಿಮೀಟರ್ ಎಲ್ಲಿ ಹೋಯ್ತು?

ಕೊನೆಗೂ ಲೆಕ್ಕ ಕೂಡಿಬಂತು! ರಾತ್ರಿ ಹನ್ನೊಂದಕ್ಕೆ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಎಣ್ಣೆಬಾವಿಗೆ ದ್ರವ ಹೇಗೆ ಹರಿದು ಬರುತ್ತದೆಂದು ನೋಡಲು ಡ್ರಮ್ಮಿನಲ್ಲಿ ಮಾಡಿದ ಮಾದರಿ ಇದು: ಮರಳು ತುಂಬಿ, ನೀರಿನ ಮಟ್ಟ ನೋಡಲು ಟ್ಯೂಬ್ ಇಳಿಸಿ, ಮೇಲೆ ಜೇಡಿಮಣ್ಣು ಮೆತ್ತಿದ್ದೇನೆ. ನಡುವೆ 10 ಮಿಮೀ ತ್ರಿಜ್ಯದ ಪೈಪು, ಅದೇ ನಮ್ಮ ಎಣ್ಣೆಬಾವಿ. ಅಂಚು 27 ಸೆಂಮೀ ದೂರ. ಅಂಚಿಗೂ ಪೈಪಿಗೂ ನೀರಿನ ಮಟ್ಟದ ವ್ಯತ್ಯಾಸ 30 ಸೆಂಮೀ. ಪೈಪಿಗೆ ಹರಿದು ಬರುವ ನೀರಿನಿಂದ ಲೀಟರ್ ಜಗ್ ಲೆಕ್ಕದ ಪ್ರಕಾರ ಎರಡೂವರೆ ನಿಮಿಷಕ್ಕೆ ತುಂಬಬೇಕಿತ್ತು. ತೆಗೆದುಕೊಂಡಿದ್ದು 6 ನಿಮಿಷ 10 ಸೆಕೆಂಡು.

ಟ್ಯೂಬುಗಳ ಗಾಳಿಗುಳ್ಳೆ ತೆಗೆದು ಮತ್ತೆ ಅಳೆದೆ. ಅದೇ ಉತ್ತರ. ನಡುವಿನಿಂದ 4 ಸೆಂಮೀ ದೂರದ ಟ್ಯೂಬಿನಲ್ಲೂ ಇಳಿತ ಬರೀ 7 ಸೆಂಮೀ. ಹಾಗಾದ್ರೆ ಉಳಿದ 23 ಎಲ್ಲಿ?

ಸೆಮಿ-ಲಾಗ್ ಹಾಳೆಯಲ್ಲಿ (ಒಂದು ಬದಿಯ ಅಳತೆ ಹತ್ತು ಪಟ್ಟಿನ ಹೆಜ್ಜೆಯಲ್ಲಿ ಸಾಗುವ ಗ್ರಾಫ್ ಹಾಳೆ) ನಡುವಿನಿಂದ ದೂರಕ್ಕೆ ಎದುರಾಗಿ ಟ್ಯೂಬುಗಳ ಮಟ್ಟದ ಚುಕ್ಕಿ ಇಟ್ಟು ಗೆರೆ ಎಳೆದೆ. ಅದು ಬಾವಿಯ ಮಟ್ಟ ಮುಟ್ಟುವ ಮೊದಲೇ ಹಾಳೆ ಮುಗಿಯಿತು. ಇನ್ನೊಂದು ಹಾಳೆ ಅಂಟಿಸಿದೆ. ಮುಟ್ಟಿದ್ದು 0.07 ಮಿಮೀಯಲ್ಲಿ! ಮರಳಿನ ಪಾಲಿಗೆ ನನ್ನ ಪೈಪು ಒಂದು ಕೂದಲೆಳೆ. ಇದೇ ಪರಿಣಾಮಕಾರಿ ತ್ರಿಜ್ಯ, ಅಂದರೆ ಹರಿವಿನ ಲೆಕ್ಕಕ್ಕೆ ಬಾವಿ ಎಷ್ಟು ದಪ್ಪ ಇದ್ದಂತೆ ಅನ್ನುವುದು. ಸ್ಕಿನ್, ಅಂದರೆ ಬಾವಿಯ ಗೋಡೆಯ ಬಳಿ ಹರಿವಿಗೆ ಆಗುವ ಹೆಚ್ಚುವರಿ ತಡೆಯ ಅಂಕಿ, 5ರ ಹತ್ತಿರ. 1953ರಲ್ಲಿ ಎಣ್ಣೆಬಾವಿ ತಜ್ಞರಾದ ವ್ಯಾನ್ ಎವರ್ಡಿಂಜನ್ ಮತ್ತು ಹರ್ಸ್ಟ್ ಹೇಳಿದ, ಹರಿವು ತಡೆಯುವ ಆ ತೆಳು ಪದರ ನನ್ನ ಡ್ರಮ್ಮಿನಲ್ಲೇ ಕೂತಿತ್ತು. ನಿಜವಾದ ಬಾವಿಯಲ್ಲಿ ಡ್ರಿಲ್ಲಿಂಗ್ ಮಡ್ (ಕೊರೆಯುವಾಗ ಬಿಡುವ ಕೆಸರು) ಮಾಡುವ ಕೆಲಸವನ್ನು ಇಲ್ಲಿ ಕ್ರಷರ್ ಧೂಳು ಮಾಡಿದೆ. ತೊಳೆದ ಎಂ-ಸ್ಯಾಂಡ್ ಅಂತ ಜಾಸ್ತಿ ದುಡ್ಡು ತೆಗೆದುಕೊಂಡ ಅಂಗಡಿಯವರ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ. ತೊಳೆದ ಮರಳಿನಲ್ಲಿ ಅಷ್ಟು ಧೂಳು ಇರುತ್ತಾ?

ಕೋಲಿಗೆ ಬಟ್ಟೆ ಸುತ್ತಿ ಪೈಪಿನೊಳಗೆ ಮೇಲೆ ಕೆಳಗೆ ಆಡಿಸಿದೆ, ನಲವತ್ತು ನಿಮಿಷ. ಸಿಮೆಂಟ್ ಕಲೆಸಿದಂಥ ನೀರು ಬಂತು. ಆಮೇಲೆ ಮೆಲ್ಲಗೆ ತಿಳಿಯಾಯಿತು. ಮತ್ತೆ ಜಗ್ ಇಟ್ಟೆ. 2 ನಿಮಿಷ 35 ಸೆಕೆಂಡು! ಗೆರೆ ಈಗ 9 ಮಿಮೀಯಲ್ಲಿ ಮುಟ್ಟುತ್ತದೆ. ಮುಂಬೈ ಬಳಿಯ ಕಡಲಿನ ಎಣ್ಣೆಕ್ಷೇತ್ರ ಬಾಂಬೆ ಹೈಯಂಥ ಸುಣ್ಣಕಲ್ಲಿನಲ್ಲಾದರೆ ಆಸಿಡ್ ಬಿಟ್ಟು ಕಲ್ಲು ಕರಗಿಸಿ ಪೈಪಿಗಿಂತ ದೊಡ್ಡ ತ್ರಿಜ್ಯವನ್ನೇ ಪಡೆಯಬಹುದು. ಮರಳಿನಲ್ಲಿ ಆ ದಾರಿ ಇಲ್ಲ.

ಅದಕ್ಕೇ ಮುಂದಿನ ಆಸೆ ಬಿರುಕು, ಅಂದರೆ ಬಾವಿಯಿಂದ ಎರಡೂ ಕಡೆಗೆ ಚಾಚುವ ಸುಲಭ ಹರಿವಿನ ಸೀಳು. ಅದರ ಬದಲಿಗೆ ಪೈಪಿನ ಎರಡೂ ಕಡೆ ತಲಾ 10 ಸೆಂಮೀ ಜಾಲರಿ ರೆಕ್ಕೆ ನಿಲ್ಲಿಸುತ್ತೇನೆ. ಬಿರುಕುಬಿಟ್ಟ ಬಾವಿಗೆ ಪ್ರ್ಯಾಟ್ಸ್ ಎಂಬ ತಜ್ಞರು 1961ರಲ್ಲಿ ಕೊಟ್ಟ ಲೆಕ್ಕದಂತೆ ಒಂದು ರೆಕ್ಕೆಯ ಅರ್ಧವೇ ಪರಿಣಾಮಕಾರಿ ತ್ರಿಜ್ಯ, ಅಂದರೆ 5 ಸೆಂಮೀ. ಜಗ್ ಒಂದೂಕಾಲು ನಿಮಿಷದ ಹತ್ತಿರ ತುಂಬಬೇಕು. ಮರಳನ್ನು ಈ ಸಲ ನಾನೇ ತೊಳೆಯುತ್ತಿದ್ದೇನೆ, ಐದನೇ ಬಕೆಟ್ ನೀರೂ ಇನ್ನೂ ಬೂದು.